ಲೇಸರ್ ಗೆರೆ ಕಾಣದಿದ್ದರೆ ಪಾಯಿಂಟರ್ ಕೆಟ್ಟಿದೆ ಅಂತಲ್ಲ

ಪ್ರಶ್ನೆ: ಪಾಠ ಮಾಡುವಾಗ ಬಳಸುವ ನನ್ನ ಕೆಂಪು ಲೇಸರ್ ಗೋಡೆ ಮೇಲೆ ಚುಕ್ಕಿ ಮಾತ್ರ ತೋರಿಸುತ್ತದೆ. ಗೆಳೆಯನ ಹಸಿರು ಲೇಸರ್ ರಾತ್ರಿ ಆಕಾಶದವರೆಗೂ ಗೆರೆ ಎಳೆಯುತ್ತದೆ. ನನ್ನದರ ಪವರ್ ಕಮ್ಮಿಯೇ? ಹೊಸ ಬ್ಯಾಟರಿ ಹಾಕಿದರೂ ಅಷ್ಟೇ.

ಉತ್ತರ: ಮೊದಲು ಬ್ಯಾಟರಿ ಬದಲಿಸುವುದನ್ನು ನಿಲ್ಲಿಸಿ. ಇದೇ ಪ್ರಶ್ನೆಗೆ ಉತ್ತರ ಬರೆದು ಬರೆದು ಸಾಕಾಗಿದೆ. ಲೇಸರ್ ನೆಟ್ಟಗೆ ಗೋಡೆಗೆ ಹೋಗುತ್ತದೆ, ನಿಮ್ಮ ಕಣ್ಣಿಗಲ್ಲ. ದಾರಿಯಲ್ಲಿ ಏನಾದರೂ ಸಿಕ್ಕಿ, ಒಂದಿಷ್ಟು ಬೆಳಕನ್ನು ನಿಮ್ಮ ಕಡೆ ಚದುರಿಸಿದರೆ ಮಾತ್ರ ಗೆರೆ ಕಾಣುತ್ತದೆ. ಹೆಂಚಿನ ಮನೆಯ ಬೆಳಕಿಂಡಿಯಿಂದ ಬಿಸಿಲುಕೋಲು ಇಳಿಯುವುದನ್ನು ನೋಡಿದ್ದೀರಲ್ವಾ? ಒಲೆಯ ಹೊಗೆ, ಧೂಳು ಇದ್ದರೆ ಎದ್ದು ಕಾಣುತ್ತದೆ. ಇದೂ ಅದೇ. ಸ್ಟೇಜ್ ಶೋಗಳಲ್ಲಿ ಹೊಗೆ ಮೆಷಿನ್ ಇಡುವುದು ಇದಕ್ಕೇ. ಮಳೆ ಬಂದು ಗಾಳಿ ತೊಳೆದ ಮೇಲೆ ಅದೇ ಲೇಸರ್ ಮಂಕಾಗುತ್ತದೆ.

ಇನ್ನು ಬಣ್ಣ. ಧೂಳಿಲ್ಲದಿದ್ದರೂ ಗಾಳಿಯ ಅಣುಗಳೇ ಬೆಳಕನ್ನು ಸ್ವಲ್ಪ ಚದುರಿಸುತ್ತವೆ. ಬೆಳಕಿನ ಬಣ್ಣ ನಿರ್ಧರಿಸುವ ಅಲೆಯುದ್ದ ಕಮ್ಮಿಯಾದಷ್ಟೂ ಇದು ಜಾಸ್ತಿ. 532 ನ್ಯಾನೋಮೀಟರಿನ ಹಸಿರು, 650ರ ಕೆಂಪಿಗಿಂತ ಎರಡು ಪಟ್ಟಿಗೂ ಹೆಚ್ಚು ಚದುರುತ್ತದೆ. ಅದರ ಮೇಲೆ, ನಮ್ಮ ಕಣ್ಣು ಈ ಹಸಿರನ್ನು ಆ ಕೆಂಪಿಗಿಂತ ಸುಮಾರು 8 ಪಟ್ಟು ಚುರುಕಾಗಿ ಹಿಡಿಯುತ್ತದೆ. ಗುಣಿಸಿ ನೋಡಿ. ಕತ್ತಲಿಗೆ ಹೊಂದಿಕೊಂಡ ಕಣ್ಣಿಗಂತೂ ಕೆಂಪು ಇನ್ನೂ ಕಷ್ಟ. ಎರಡರ ಪವರ್ ಒಂದೇ ಇದ್ದರೂ ಗೆಳೆಯನದೇ ಗೆಲ್ಲುತ್ತದೆ.

ನೀವು ನಿಂತ ಜಾಗವೂ ಲೆಕ್ಕಕ್ಕೆ ಬರುತ್ತದೆ. ಧೂಳು ಮತ್ತು ಮಂಜಿನ ಹನಿಗಳು ಬೆಳಕನ್ನು ಹೆಚ್ಚಾಗಿ ಮುಂದಕ್ಕೇ ಚದುರಿಸುತ್ತವೆ. ಹಾಗಾಗಿ ನಿಮ್ಮತ್ತ ಓರೆಯಾಗಿ ಬರುವ ಗೆರೆ ಹೊಳೆಯುತ್ತದೆ, ಪಕ್ಕದಿಂದ ಮಂಕು. ಪರೀಕ್ಷೆ ಮಾಡಲು ಲೇಸರ್ ಎದುರು ನಿಲ್ಲಬೇಡಿ ಮತ್ತೆ!

ಗೆರೆ ಕಾಣದ ಲೇಸರ್ ಬಡಪಾಯಿ, ಏನೂ ಮಾಡದು ಅನ್ನುವ ನಂಬಿಕೆಯದೇ ನನಗೆ ಹೆಚ್ಚು ಭಯ. ಅಗ್ಗದ ಹಸಿರು ಪಾಯಿಂಟರ್ ಒಳಗೆ ಸಾಮಾನ್ಯವಾಗಿ ಇರುವುದು 808 ನ್ಯಾನೋಮೀಟರಿನ ಇನ್‌ಫ್ರಾರೆಡ್ (ಕಣ್ಣಿಗೆ ಕಾಣದ ಬೆಳಕಿನ) ಡಯೋಡ್. ಅದರ ಬೆಳಕು ಒಂದು ಹರಳಿನಲ್ಲಿ 1064 ಆಗಿ, ಇನ್ನೊಂದರಲ್ಲಿ 532ರ ಹಸಿರಾಗುತ್ತದೆ. ಕಾಸು ಉಳಿಸಲು ಫಿಲ್ಟರ್ ಬಿಟ್ಟಿದ್ದರೆ ಇನ್‌ಫ್ರಾರೆಡ್ ಹೊರಗೆ ಸೋರುತ್ತದೆ. ಅದು ಕಾಣುವುದಿಲ್ಲ, ಕಣ್ಣು ಮಿಟುಕಿಸುವುದೂ ಇಲ್ಲ, ರೆಟಿನಾ (ಕಣ್ಣಿನ ಒಳಪರದೆ) ಮಾತ್ರ ಸುಡಬಹುದು. ಲೇಬಲ್ ಮೇಲಿನ '5 ಮಿಲಿವಾಟ್' ನಂಬಿ ಕೂರಬೇಡಿ. ಪಾಠಕ್ಕೆ 1 ಮಿಲಿವಾಟಿನ ಕೆಂಪು ಚುಕ್ಕಿ ಧಾರಾಳ ಸಾಕು.

ಪ್ರಶ್ನೆ: ಗೆರೆ ಆಕಾಶದಲ್ಲಿ ಒಂದು ಕಡೆ ನಿಂತುಬಿಡುತ್ತದಲ್ಲ, ಅಲ್ಲೇನಿದೆ?

ಉತ್ತರ: ಏನೂ ಇಲ್ಲ. ದೂರದ ಭಾಗವೆಲ್ಲ ಒಂದೇ ದಿಕ್ಕಿನಲ್ಲಿ ಒತ್ತಾಗಿ ಕಾಣುವುದರಿಂದ ತುದಿ ಇದ್ದ ಹಾಗೆ ಅನಿಸುತ್ತದೆ.

ಪ್ರಶ್ನೆ: ವಿಮಾನಕ್ಕೆ ತೋರಿಸಿದರೆ ಮುಟ್ಟುತ್ತದಾ?

ಉತ್ತರ: ಮುಟ್ಟುತ್ತದೆ, ಪೈಲಟ್ ಕಣ್ಣು ಕೋರೈಸುತ್ತದೆ. ಉಳಿದದ್ದನ್ನು ಪೊಲೀಸರು ವಿವರಿಸುತ್ತಾರೆ.

ಪ್ರಶ್ನೆ: ದಿನಾ ಕೆಂಪು ಲೇಸರ್ ನೋಡಿದರೆ ಕನ್ನಡಕ ಬಿಡಬಹುದು ಅಂತ ಒಂದು ವಿಡಿಯೊದಲ್ಲಿ ಹೇಳಿದರು.

ಉತ್ತರ: ಬಿಡಬಹುದು. ಕಣ್ಣೇ ಹೋದ ಮೇಲೆ ಕನ್ನಡಕ ಯಾಕೆ? ಇಂಥ ವಿಡಿಯೊ ಮಾಡುವವರಿಗೆ ನಾಚಿಕೆಯಾಗಬೇಕು.

ಪ್ರಶ್ನೆ: ಗಣೇಶನ ಮೆರವಣಿಗೆಯ ಡಿಜೆ ಲೇಸರ್ ಶೂಟ್ ಮಾಡಿದ ಮೇಲೆ ಮೊಬೈಲ್ ಫೋಟೊಗಳಲ್ಲೆಲ್ಲ ಒಂದು ಗೆರೆ ಬರುತ್ತಿದೆ.

ಉತ್ತರ: ಕ್ಯಾಮೆರಾ ಸೆನ್ಸರ್ ಸುಟ್ಟಿರಬೇಕು, ಬದಲಿಸಿ. ಆ ಬೆಳಕು ಕಣ್ಣಿಗೂ ಬಿದ್ದು ದೃಷ್ಟಿಯಲ್ಲಿ ಕಪ್ಪು ಚುಕ್ಕಿ ಉಳಿದಿದ್ದರೆ ಇವತ್ತೇ ಕಣ್ಣಿನ ಡಾಕ್ಟರ ಹತ್ತಿರ ಹೋಗಿ. ಮೆಡಿಕಲ್ ಶಾಪಿನ ಹನಿ ಹಾಕಿಕೊಂಡು ಕಾಯಬೇಡಿ.