ಸಂಶೋಧಕಿ ಒಬ್ಬರೇ, ಎಚ್-ಇಂಡೆಕ್ಸ್ ಮೂರು: ಅರ್ಜಿಯಲ್ಲಿ ಯಾವುದನ್ನು ಬರೆಯಬೇಕು?

ಪ್ರಶ್ನೆ: ನಾನು ಜೀವರಸಾಯನಶಾಸ್ತ್ರದ ಅಧ್ಯಾಪಕಿ. ಕೊಡಗಿನ ಹಾಡಿಗಳಲ್ಲಿ ರಕ್ತಹೀನತೆ ಕುರಿತು ಸಂಶೋಧನೆ ಮಾಡುತ್ತಿದ್ದೇನೆ. ನನ್ನ ಎಚ್-ಇಂಡೆಕ್ಸ್ ಗೂಗಲ್ ಸ್ಕಾಲರ್‌ನಲ್ಲಿ 9, ಸ್ಕೋಪಸ್‌ನಲ್ಲಿ 5, ವೆಬ್ ಆಫ್ ಸೈನ್ಸ್‌ನಲ್ಲಿ 4. ಮದುವೆಗೆ ಮುಂಚಿನ ಪೇಪರ್‌ಗಳಲ್ಲಿ ತವರಿನ ಮನೆತನದ ಹೆಸರಿದೆ. ಬಡ್ತಿ ಅರ್ಜಿಯಲ್ಲಿ ಯಾವ ಅಂಕೆ ಕೊಡಲಿ? ಕ್ಯಾನ್ಸರ್ ಮೇಲೆ ಕೆಲಸ ಮಾಡುವ ಗೆಳತಿಯ ಸೈಟೇಶನ್ ನನ್ನದಕ್ಕಿಂತ ಎಷ್ಟೋ ಪಟ್ಟು ಹೆಚ್ಚು. ನನ್ನ ಕೆಲಸಕ್ಕೆ ಬೆಲೆಯೇ ಇಲ್ಲವೇ?
— ಓದುಗರು, ಮಡಿಕೇರಿ

ಉತ್ತರ: ಸದ್ಯಕ್ಕೆ ಯಾವುದನ್ನೂ ಬರೆಯಬೇಡಿ. ಎಚ್-ಇಂಡೆಕ್ಸ್ 5 ಎಂದರೆ ತಲಾ ಕನಿಷ್ಠ 5 ಸೈಟೇಶನ್ (ಬೇರೆ ಪೇಪರ್‌ಗಳಲ್ಲಿ ಉಲ್ಲೇಖ) ಪಡೆದ 5 ಪೇಪರ್‌ಗಳಿವೆ ಎಂದರ್ಥ; ಪೇಪರ್‌ಗಳನ್ನು ಪಟ್ಟಿ ಮಾಡುವ ಈ ಮೂರು ತಾಣಗಳೂ ತಮ್ಮ ತಮ್ಮ ಪಟ್ಟಿಯಿಂದ ಅದನ್ನು ಎಣಿಸುತ್ತವೆ. ಮೊದಲು ದಾಖಲೆ ಸರಿಪಡಿಸಿಕೊಳ್ಳಿ. ನಿಮ್ಮ ತೊಡಕಿನ ದೊಡ್ಡ ಪಾಲು ಹೆಸರಿನಲ್ಲೇ ಇರುವ ಹಾಗಿದೆ.

ಕೊಡವ ಹೆಸರಿನಲ್ಲಿ ಮನೆತನ ಮೊದಲು, ಸ್ವಂತ ಹೆಸರು ಕೊನೆಗೆ. ಫೀಲ್ಡ್ ಮಾರ್ಷಲ್ ಕಾರ್ಯಪ್ಪನವರ ಪೂರ್ಣ ಹೆಸರು ಕೊಡಂದೇರ ಮಾದಪ್ಪ ಕಾರ್ಯಪ್ಪ (ಇಂಗ್ಲಿಷಿನಲ್ಲಿ Cariappa). ಇಂಥ ಹೆಸರು ಜರ್ನಲ್‌ಗೆ ಹೋದರೆ ವೈದ್ಯಕೀಯ ಪೇಪರ್‌ಗಳ ಸೂಚಿಯಾದ ಪಬ್‌ಮೆಡ್‌ನಲ್ಲಿ ‘ಕಾರ್ಯಪ್ಪ ಕೆ.ಎಂ.’ ಎಂದು ದಾಖಲಾಗುತ್ತದೆ. ಅದೇ ವ್ಯಕ್ತಿ ಇನ್ನೊಂದು ಜರ್ನಲ್‌ನ ಫಾರ್ಮಿನಲ್ಲಿ ಸರ್‌ನೇಮ್ ಎಂಬ ಕಡೆ ಮನೆತನದ ಹೆಸರು ತುಂಬಿದರೆ ‘ಕೊಡಂದೇರ ಎಂ.ಸಿ.’ ಆಗುತ್ತದೆ. ಕಂಪ್ಯೂಟರಿಗೆ ಇವರಿಬ್ಬರೂ ಬೇರೆ ಬೇರೆ ಜನ. ಮದುವೆಯಾಗಿ ಮನೆತನದ ಹೆಸರೇ ಬದಲಾದರೆ ಮೂರನೆಯವರು ಹುಟ್ಟಿಕೊಳ್ಳುತ್ತಾರೆ.

ಸ್ಕೋಪಸ್‌ನಲ್ಲಿ ಚಂದಾ ಇಲ್ಲದೆಯೂ ಲೇಖಕರನ್ನು ಹುಡುಕಬಹುದು. ನಿಮ್ಮ ಹೆಸರನ್ನು ಈವರೆಗೆ ಬಳಸಿದ ಎಲ್ಲ ಕಾಗುಣಿತದಲ್ಲೂ ಹಾಕಿ ನೋಡಿ. ನಿಮ್ಮದೇ ಆದ ಪ್ರೊಫೈಲ್‌ಗಳನ್ನೆಲ್ಲ ಗುರುತು ಹಾಕಿ ಒಂದಾಗಿಸಲು ಕೋರಿಕೆ ಕಳಿಸಿ. ಕಳಿಸುವ ಮುಂಚೆ ಪ್ರತಿ ಪ್ರೊಫೈಲ್ ತೆರೆದು ಪೇಪರ್‌ಗಳನ್ನು ಒಂದೊಂದಾಗಿ ನೋಡಿ, ಬೇರೆಯವರದ್ದಿದ್ದರೆ ತೆಗೆಸಿ. ಜೊತೆಗೆ ಸಂಶೋಧಕರ ಗುರುತಿಗಾಗಿರುವ 16 ಅಂಕಿಯ ಆರ್ಕಿಡ್ (ORCID) ಸಂಖ್ಯೆ ಮಾಡಿಸಿಕೊಂಡು, ಹಳೆಯ ಹೆಸರುಗಳನ್ನೆಲ್ಲ ಅದರಲ್ಲಿ ಸೇರಿಸಿ. ಇನ್ನು ಮುಂದೆ ಯಾವ ಜರ್ನಲ್‌ಗೆ ಕಳಿಸಿದರೂ ಆ ಸಂಖ್ಯೆ ಕೊಡಿ.

ಗೂಗಲ್ ಸ್ಕಾಲರ್‌ನ ಕಾಯಿಲೆ ಇದಕ್ಕೆ ತದ್ವಿರುದ್ಧ. ಅದು ಪಿಎಚ್‌ಡಿ ಪ್ರಬಂಧ, ಪ್ರಿಪ್ರಿಂಟ್ (ಜರ್ನಲ್‌ನ ವಿಮರ್ಶೆಗೆ ಮುಂಚಿನ ಪ್ರತಿ), ಸಮ್ಮೇಳನದ ಸಾರಾಂಶಗಳಿಂದ ಬಂದ ಉಲ್ಲೇಖಗಳನ್ನೂ ಎಣಿಸುತ್ತದೆ. ಹೋಲುವ ಹೆಸರಿನವರ ಪೇಪರ್‌ಗಳನ್ನು ತಾನಾಗಿಯೇ ನಿಮ್ಮ ಖಾತೆಗೆ ಸೇರಿಸುವುದೂ ಉಂಟು. ಸೆಟ್ಟಿಂಗ್‌ನಲ್ಲಿ ‘ಮೊದಲು ನನಗೆ ಇಮೇಲ್ ಮಾಡಿ’ ಎಂಬುದನ್ನು ಆರಿಸಿ. ಒಂದೇ ಪೇಪರ್ ಎರಡು ಸಲ ಕಂಡರೆ ಎರಡನ್ನೂ ಗುರುತು ಹಾಕಿ ವಿಲೀನಗೊಳಿಸಿ.

ಇಲ್ಲಿ ತುಂಬ ಜನ ಎಡವುವ ಜಾಗವೊಂದಿದೆ. ಎರಡು ಪ್ರೊಫೈಲ್‌ಗಳ ಎಚ್-ಇಂಡೆಕ್ಸ್‌ಗಳನ್ನು ಕೂಡಿಸುವಂತಿಲ್ಲ. ಈಗಿನ ಹೆಸರಿನ ಪೇಪರ್‌ಗಳಿಗೆ 41, 18, 9, 7, 5, 5, 2, 1, 0 ಸೈಟೇಶನ್ ಇವೆ ಎನ್ನಿ. ಐದನೆಯ ಪೇಪರ್‌ಗೆ 5 ಇವೆ, ಆರನೆಯದಕ್ಕೆ 6 ಇಲ್ಲ; ಹಾಗಾಗಿ ಎಚ್ 5. ಹಳೆಯ ಹೆಸರಿನಲ್ಲಿ 12, 8, 6, 3 ಇದ್ದರೆ ಎಚ್ 3. ಎರಡನ್ನೂ ಸೇರಿಸಿ ಇಳಿಕೆಯ ಕ್ರಮದಲ್ಲಿ ಬರೆದರೆ 41, 18, 12, 9, 8, 7, 6… ಆರನೆಯದಕ್ಕೆ 7 ಇವೆ, ಏಳನೆಯದಕ್ಕೆ 6 ಮಾತ್ರ. ಅಂದರೆ ಎಚ್ 6, 8 ಅಲ್ಲ.

ಎಲ್ಲ ಸರಿಯಾದ ಮೇಲೆ, ಅರ್ಜಿಯಲ್ಲಿ ಇಂಥದ್ದೇ ಬೇಕೆಂದು ಕೇಳಿರದಿದ್ದರೆ ಸ್ಕೋಪಸ್‌ನ ಅಂಕೆ ಕೊಡಿ. ಪೇಪರ್, ಸೈಟೇಶನ್, ಎಚ್ ಮೂರನ್ನೂ ಒಂದೇ ಕಡೆಯಿಂದ ತೆಗೆದು, ಮೂಲದ ಹೆಸರು ಮತ್ತು ನೋಡಿದ ದಿನಾಂಕ ಬರೆಯಿರಿ. ಸ್ಕಾಲರ್‌ನ ಸೈಟೇಶನ್, ಸ್ಕೋಪಸ್‌ನ ಪೇಪರ್ ಎಂದು ಬೆರೆಸಿದರೆ ಪರಿಶೀಲನೆಯಲ್ಲಿ ಸಿಕ್ಕಿಬೀಳುತ್ತೀರಿ.

ಗೆಳತಿಯ ವಿಷಯ. ಎಚ್-ಇಂಡೆಕ್ಸನ್ನು 2005ರಲ್ಲಿ ಮುಂದಿಟ್ಟ ಭೌತವಿಜ್ಞಾನಿ ಹೋರ್ಹೆ ಹಿರ್ಷ್ ಅವರೇ, ಜೀವವಿಜ್ಞಾನದಲ್ಲಿ ಈ ಅಂಕೆ ಭೌತವಿಜ್ಞಾನಕ್ಕಿಂತ ಹೆಚ್ಚಿರುತ್ತದೆ ಎಂದು ತೋರಿಸಿದ್ದರು. ಕ್ಯಾನ್ಸರ್‌ಗೂ ಹಾಡಿಯ ಆರೋಗ್ಯಕ್ಕೂ ಅಂತರ ಅದೇ ಬಗೆಯದು: ಬರೆಯುವವರು ಹೆಚ್ಚಿದ್ದಲ್ಲಿ ಉಲ್ಲೇಖವೂ ಹೆಚ್ಚು. ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್‌ನ ಐಸೈಟ್ (iCite) ತಾಣದಲ್ಲಿ ನಿಮ್ಮ ಪೇಪರ್‌ಗಳ ಪಬ್‌ಮೆಡ್ ಸಂಖ್ಯೆ ಹಾಕಿ, ಉಚಿತ. ಅಲ್ಲಿ ಸಿಗುವ ಆರ್‌ಸಿಆರ್ (ಸಾಪೇಕ್ಷ ಸೈಟೇಶನ್ ಅನುಪಾತ) ನಿಮ್ಮ ಪೇಪರನ್ನು ಅದರದೇ ಕ್ಷೇತ್ರದ ಕೆಲಸಗಳ ಜೊತೆ ಹೋಲಿಸುತ್ತದೆ. 1.0 ಬಂದರೆ ಅದೇ ಕ್ಷೇತ್ರದಲ್ಲಿ ಎನ್‌ಐಎಚ್ ಹಣದಿಂದ ನಡೆದ ಕೆಲಸಗಳ ನಡುಮಟ್ಟ ಎಂದರ್ಥ. ಪಬ್‌ಮೆಡ್‌ನಲ್ಲಿಲ್ಲದ ಪೇಪರ್ ಅಲ್ಲಿ ಸಿಗದು.

ಇದಕ್ಕಿಂತ ಮುಖ್ಯವಾದದ್ದು, ನಿಮ್ಮನ್ನು ಉಲ್ಲೇಖಿಸಿದ ಪೇಪರ್‌ಗಳನ್ನು ತೆರೆದು ಓದುವುದು. ಪೀಠಿಕೆಯ ಸಾಲಿನಲ್ಲಿ ಹತ್ತರೊಡನೆ ಹನ್ನೊಂದನೆಯದಾಗಿ ಹೆಸರಿಸುವುದೇ ಬೇರೆ, ನಿಮ್ಮ ಹಿಮೋಗ್ಲೋಬಿನ್ ಅಳತೆಯ ವಿಧಾನವನ್ನೇ ಎತ್ತಿಕೊಂಡು ಬಳಸುವುದೇ ಬೇರೆ. ಎರಡನೆಯದು ಸಿಕ್ಕಿದರೆ ಅರ್ಜಿಯಲ್ಲಿ ಎರಡು ಸಾಲು ಅದಕ್ಕೇ ಮೀಸಲಿಡಿ. ತೂಕ ಅದಕ್ಕಿದೆ.

ಪ್ರಶ್ನೆ: ‘ಇಂಪ್ಯಾಕ್ಟ್ ಫ್ಯಾಕ್ಟರ್ 6.2’ ಎನ್ನುವ ಜರ್ನಲೊಂದು ಎರಡೇ ದಿನದಲ್ಲಿ ನನ್ನ ಪೇಪರ್ ಒಪ್ಪಿ ಹಣ ಕೇಳುತ್ತಿದೆ. ಕಟ್ಟಲೇ?
— ಸ್ನಾತಕೋತ್ತರ ವಿದ್ಯಾರ್ಥಿ, ಗೋಣಿಕೊಪ್ಪ

ಉತ್ತರ: ಕಟ್ಟಬೇಡಿ. ಎರಡು ದಿನದಲ್ಲಿ ನಿಜವಾದ ವಿಮರ್ಶೆ ನಡೆಯುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ ಎಂದರೆ ಹಿಂದಿನ ಎರಡು ವರ್ಷದ ಬರಹಗಳಿಗೆ ಈ ವರ್ಷ ಬಂದ ಸೈಟೇಶನ್‌ಗಳನ್ನು, ಆ ಎರಡು ವರ್ಷದ ಸಂಶೋಧನಾ ಮತ್ತು ವಿಮರ್ಶಾ ಲೇಖನಗಳ ಸಂಖ್ಯೆಯಿಂದ ಭಾಗಿಸಿದ್ದು. ಅದನ್ನು ಪ್ರಕಟಿಸುವುದು ಕ್ಲ್ಯಾರಿವೇಟ್ ಎಂಬ ಕಂಪನಿ. ಜರ್ನಲ್ ತಾನೇ ಹೇಳಿಕೊಂಡದ್ದು ಲೆಕ್ಕಕ್ಕಿಲ್ಲ. ಜರ್ನಲ್‌ನ ಗುರುತಿನ ಸಂಖ್ಯೆಯಾದ ಐಎಸ್‌ಎಸ್‌ಎನ್ ಹಾಕಿ ಕ್ಲ್ಯಾರಿವೇಟ್‌ನ ಜರ್ನಲ್ ಪಟ್ಟಿ, ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಎನ್‌ಎಲ್‌ಎಂ ಕ್ಯಾಟಲಾಗ್ ಎರಡರಲ್ಲೂ ಹುಡುಕಿ. ಹೆಸರು ಹಾಕಿದರೆ ಒಳ್ಳೆಯ ಜರ್ನಲ್‌ಗಳ ಹೆಸರು ಕದ್ದ ನಕಲಿ ಜರ್ನಲ್‌ಗಳು ದಾರಿ ತಪ್ಪಿಸುತ್ತವೆ. ಸಿಗದಿದ್ದರೆ ಕೃತಿಸ್ವಾಮ್ಯದ ಪತ್ರಕ್ಕೆ ಸಹಿ ಹಾಕದೆ, ಪೇಪರ್ ಹಿಂಪಡೆಯುತ್ತಿರುವುದಾಗಿ ಇಮೇಲ್ ಕಳಿಸಿ. ಅವರಿಂದ ಲಿಖಿತ ಉತ್ತರ ಬಂದ ಮೇಲೆಯೇ ಬೇರೆ ಜರ್ನಲ್‌ಗೆ ಕಳಿಸಿ, ಇಲ್ಲವಾದರೆ ಒಂದೇ ಪೇಪರ್ ಎರಡು ಕಡೆ ಅಚ್ಚಾಗಿ ಎರಡನೆಯದು ರದ್ದಾಗಬಹುದು.