ಕನಸಿನಲ್ಲೇ ‘ಇದು ಕನಸು’ ಅಂತ ಗೊತ್ತಾಗುತ್ತದೆ, ಬೆಳಗ್ಗೆ ಎದ್ದರೆ ದಣಿವು. ಏನು ಮಾಡಲಿ?

ನಿಮ್ಮ ಪ್ರಶ್ನೆ ಓದಿ ನಗು ಬಂತು, ತಪ್ಪು ತಿಳಿಯಬೇಡಿ. ವಾರಕ್ಕೆ ಮೂರ್ನಾಲ್ಕು ಸಲ ಕನಸಿನೊಳಗೇ ಎಚ್ಚರ, ಎಂಟು ತಾಸು ಮಲಗಿದರೂ ರಾತ್ರಿಯೆಲ್ಲ ಹೊಲದಲ್ಲಿ ದುಡಿದು ಬಂದ ಹಾಗೆ ಮೈಭಾರ ಅಂದಿದ್ದೀರಲ್ಲ, ಎರಡು ವರ್ಷದ ಹಿಂದೆ ನನ್ನದೂ ಇದೇ ಕಥೆ.

ನಾನು ಬಾಗಲಕೋಟೆಯ ನವನಗರದವನು. ನಮ್ಮ ಮೊದಲಿನ ಮನೆ ಹಳೇ ಊರಿನಲ್ಲಿತ್ತು, ಆಲಮಟ್ಟಿ ಹಿನ್ನೀರಿಗೆ ಹೋಯಿತು. ಕನಸಿನಲ್ಲಿ ಮಾತ್ರ ಅದು ಹಾಗೇ ಇರುತ್ತದೆ. ಪಡಸಾಲೆಯ ಕಂಬ, ಗೂಟಕ್ಕೆ ಸಿಕ್ಕಿಸಿದ ಅಜ್ಜನ ಪಟಗ, ಒಳಗಿನಿಂದ ರೊಟ್ಟಿ ಬಡಿಯುವ ಸಪ್ಪಳ. ನೋಡ್ತಾ ನೋಡ್ತಾ ಥಟ್ಟನೆ ಹೊಳೆಯುತ್ತದೆ: ಈ ಮನೆ ನೀರಿನಲ್ಲಿದೆಯಲ್ಲ, ನಾನು ಇಲ್ಲಿ ಹೇಗೆ ನಿಂತೆ? ಅಷ್ಟೇ, ಮುಂದೆ ನಾನು ಆಡಿದ್ದೇ ಆಟ. ಗೋಡೆ ಹಾಯ್ದು ಹೋಗುವುದು, ಮಾಳಿಗೆಯಿಂದ ಹಾರುವುದು.

ಮೊದಮೊದಲು ಮಜಾ ಅನ್ನಿಸಿತು. ಮೊಬೈಲಿನಲ್ಲಿ ಹುಡುಕಿದಾಗ ಇದಕ್ಕೆ ಲೂಸಿಡ್ ಡ್ರೀಮ್ ಅಂತಾರೆ ಅಂತ ಗೊತ್ತಾಯಿತು. ಇಂಗ್ಲೆಂಡಿನ ಹಲ್ ವಿಶ್ವವಿದ್ಯಾಲಯದಲ್ಲಿ 1975ರಲ್ಲೇ ಕೀತ್ ಹರ್ನ್ ಎಂಬ ಸಂಶೋಧಕ ಇದನ್ನು ದಾಖಲಿಸಿದ್ದರು. ಕನಸಿನ ನಿದ್ದೆಯಲ್ಲಿ ಮೈಯ ಸ್ನಾಯುಗಳು ಸಡಿಲಾಗಿ ಸುಮ್ನೆ ಬಿದ್ದಿರುತ್ತವೆ, ಕಣ್ಣು ಮಾತ್ರ ಹೊರಳುತ್ತಿರುತ್ತದೆ. ಅವರ ಪ್ರಯೋಗದಲ್ಲಿ ಮಲಗಿದ್ದವನು ಕನಸಿನೊಳಗಿಂದಲೇ, ಮೊದಲೇ ಮಾತಾಡಿಕೊಂಡ ಹಾಗೆ, ಕಣ್ಣನ್ನು ಎಡಕ್ಕೆ ಬಲಕ್ಕೆ ಹೊರಳಿಸಿ ಸನ್ನೆ ಕೊಟ್ಟ. ಹಾಗಾಗಿ ತಲೆ ಕೆಟ್ಟಿದೆ, ಗಾಳಿ ಹಿಡಿದಿದೆ ಅಂತ ಹೆದರಬೇಡಿ. ನಮ್ಮವ್ವ ತಾಯತ ಕಟ್ಟಿದಳು. ಕಟ್ಟಿಸಿಕೊಂಡೆ, ಅವಳಿಗೆ ಸಮಾಧಾನ.

ಆದರೆ ಆ ಓದಿನಿಂದ ನಾನೇ ಕನಸಿಗೆ ಗೊಬ್ಬರ ಹಾಕಿದೆ. ಹಾಸಿಗೆ ಪಕ್ಕ ನೋಟ್‌ಬುಕ್ ಇಟ್ಟು ಕನಸು ಬರೆದೆ. ಹಗಲಿನಲ್ಲಿ ತಾಸಿಗೊಮ್ಮೆ ಅಂಗೈ ನೋಡಿ ‘ಇದು ಕನಸೋ ನಿಜವೋ’ ಅಂತ ಕೇಳಿಕೊಂಡೆ. ಇವೆಲ್ಲ ಕನಸಿನಲ್ಲಿ ಎಚ್ಚರ ಬರಲಿ ಅಂತ ಜನ ಬೇಕಂತಲೇ ಮಾಡುವ ಅಭ್ಯಾಸಗಳು. ನೀವೂ ಮಾಡುತ್ತಿದ್ದರೆ ಇವತ್ತೇ ಬಿಡಿ.

ಅಸಲಿ ಕಾರಣ ಹಿಡಿದದ್ದು ನನ್ನ ಹೆಂಡತಿ. ಆ ನೋಟ್‌ಬುಕ್ ತಿರುವಿ ನೋಡಿ, ಗೋಡೆಯ ಕ್ಯಾಲೆಂಡರ್ ನೋಡಿ, ‘ನಿಮಗ ನಳ ಬಂದ ದಿನಾನ ಕನಸ ಬೀಳ್ತಾವ ನೋಡ್ರಿ’ ಅಂದಳು. ನಮ್ಮ ಓಣಿಗೆ ಆಗ ಒಂದು ದಿನ ಬಿಟ್ಟು ಒಂದು ದಿನ, ನಸುಕಿನ ನಾಲ್ಕಕ್ಕೆ ನೀರು ಬರುತ್ತಿತ್ತು. ನಾನು ಅಲಾರಾಂ ಇಟ್ಟು ಎದ್ದು, ಸಂಪು ತುಂಬಿಸಿ, ಐದಕ್ಕೆ ಮತ್ತೆ ಮಲಗುತ್ತಿದ್ದೆ. (ನೀರಿಗೆ ಮನೆ ಕೊಟ್ಟು ಬಂದವರು ನೀರಿಗಾಗಿ ನಿದ್ದೆಯನ್ನೂ ಕೊಡಬೇಕಾಯಿತು, ಇರಲಿ.)

ನಿದ್ದೆ ಸುಮಾರು 90 ನಿಮಿಷಕ್ಕೊಂದು ಸುತ್ತು ಹಾಕುತ್ತದೆ. ಗಾಢ ನಿದ್ದೆ ರಾತ್ರಿಯ ಮೊದಲ ಭಾಗದಲ್ಲಿ ಜಾಸ್ತಿ, ಕನಸಿನ ನಿದ್ದೆ ನಸುಕಿನಲ್ಲಿ ಜಾಸ್ತಿ. ನಸುಕಿನಲ್ಲಿ ಎದ್ದು, ತಲೆ ಪೂರ್ತಿ ಎಚ್ಚರಾದ ಮೇಲೆ ಮತ್ತೆ ಮಲಗಿದರೆ ಆ ಎಚ್ಚರ ಕನಸಿನೊಳಗೂ ಹೊಕ್ಕುಬಿಡುತ್ತದೆ. ಲೂಸಿಡ್ ಕನಸು ಬೇಕು ಅನ್ನುವವರು ಐದು ತಾಸು ಮಲಗಿ ಅಲಾರಾಂ ಇಡುತ್ತಾರೆ. ನನಗೆ ಅದನ್ನು ನಳ ಮಾಡಿಕೊಡುತ್ತಿತ್ತು! ನನ್ನನ್ನು ದಣಿಸಿದ್ದು ಕನಸಲ್ಲ ಅಂತ ಈಗ ಅನ್ನಿಸುತ್ತದೆ, ನಡುವೆ ತುಂಡಾದ ನಿದ್ದೆ.

ಸಂಪು ತುಂಬಿದರೆ ನೀರು ತಾನೇ ನಿಲ್ಲುವ ಹಾಗೆ ಫ್ಲೋಟ್ ವಾಲ್ವ್ ಹಾಕಿಸಿ, ನಳ ತೆರೆದೇ ಬಿಟ್ಟು ಮಲಗತೊಡಗಿದೆ. ನೋಟ್‌ಬುಕ್ ಅಟ್ಟ ಸೇರಿತು. ಸಂಜೆ ಆರರ ಮೇಲೆ ಚಹಾ ಬಂದ್. ಮೂರು ವಾರದಲ್ಲಿ ಮೈ ಹಗುರಾಯಿತು. ಈಗಲೂ ತಿಂಗಳಿಗೊಮ್ಮೆ ಆ ಮನೆ ಬರುತ್ತದೆ. ಹಾರುವುದಿಲ್ಲ, ಏನೂ ಬದಲಿಸಲು ಹೋಗುವುದಿಲ್ಲ. ಕಟ್ಟೆಯ ಮೇಲೆ ಕೂತುಬಿಡುತ್ತೇನೆ, ಸ್ವಲ್ಪ ಹೊತ್ತಿಗೆ ‘ಇದು ಕನಸು’ ಅನ್ನುವುದೇ ಮರೆತುಹೋಗುತ್ತದೆ.

ಒಂದು ಮಾತು ಗಂಭೀರವಾಗಿ. ನೀವು ಗೊರಕೆ ಹೊಡೆಯುತ್ತೀರಾ, ನಡುನಡುವೆ ಉಸಿರು ನಿಂತ ಹಾಗಾಗುತ್ತದಾ ಅಂತ ಮನೆಯವರನ್ನು ಕೇಳಿ. ಬೆಳಗ್ಗೆ ಬಾಯಿ ಒಣಗುವುದು, ತಲೆನೋವು, ಹಗಲಲ್ಲಿ ಬೈಕ್ ಮೇಲೆ ತೂಕಡಿಕೆ ಇದ್ದರೆ ಅದು ಸ್ಲೀಪ್ ಅಪ್ನಿಯಾ, ಅಂದರೆ ನಿದ್ದೆಯಲ್ಲಿ ಮತ್ತೆ ಮತ್ತೆ ಉಸಿರು ಕಟ್ಟುವ ತೊಂದರೆ, ಇರಬಹುದು. ಕನಸಿನ ನಿದ್ದೆಯಲ್ಲಿ ಗಂಟಲಿನ ಸ್ನಾಯುಗಳೂ ಸಡಿಲಾಗುವುದರಿಂದ ಆಗ ಉಸಿರು ಕಟ್ಟುವುದು ಜಾಸ್ತಿ. ವೈದ್ಯರು ರಾತ್ರಿ ಮಲಗಿಸಿ ಪರೀಕ್ಷೆ ಮಾಡಿಸುತ್ತಾರೆ. ಖಿನ್ನತೆಯ ಮಾತ್ರೆ ಶುರು ಮಾಡಿದರೂ, ದಿಢೀರನೆ ಬಿಟ್ಟರೂ ಕನಸು ಏರುಪೇರಾಗುತ್ತವೆ. ಹಾಗಂತ ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನೇ ಕೇಳಿ.

ಕನಸು ಬಿದ್ದ ದಿನಗಳಲ್ಲಿ ನೀವು ನಸುಕಿನಲ್ಲಿ ಯಾವುದಕ್ಕಾದರೂ ಎದ್ದಿದ್ದಿರಾ? ಮಗುವಿಗೆ, ಶಿಫ್ಟಿಗೆ, ಸುಮ್ನೆ ಮೊಬೈಲ್ ನೋಡೋದಕ್ಕೆ? ಒಂದು ಹತ್ತು ದಿನ ಗಮನಿಸಿ ಇಲ್ಲೇ ಬರೆಯಿರಿ.