ಷೇರು ಬಿದ್ದಾಗ ದುಡ್ಡು ಎಲ್ಲಿಗೆ ಹೋಗುತ್ತದೆ?

ಪ್ರತಿ ಮಾರಾಟಕ್ಕೂ ಒಬ್ಬರು ಕೊಳ್ಳುವವರು ಇರಲೇಬೇಕಲ್ವಾ, ಹಾಗಿದ್ದ ಮೇಲೆ ದುಡ್ಡು ಹೊರಗೆ ಹೋಗಿ ಬೆಲೆ ಬೀಳುವುದು ಹೇಗೆ ಅಂತ ಕೇಳಿದ್ದೀರಿ. ಒಂದು ಸಣ್ಣ ಕಂಪನಿಯ ಷೇರು ಕೊಳ್ಳಬೇಕು ಅಂತಲೂ ಹೇಳಿದ್ದೀರಿ. ನಿಮ್ಮ ಅನುಮಾನ ಸರಿಯಾಗಿದೆ. ಮಾರಿದವರಿಗೆ ಸಿಕ್ಕ ದುಡ್ಡು ಕೊಂಡವರ ಜೇಬಿನಿಂದಲೇ ಬಂದದ್ದು. ಕಂಪನಿಗೆ ದುಡ್ಡು ಸೇರುವುದು ಅದು ಹೊಸ ಷೇರು ಕೊಟ್ಟಾಗ ಮಾತ್ರ. ಆಮೇಲಿನದೆಲ್ಲ ಹೂಡಿಕೆದಾರರ ನಡುವೆ ಕೈ ಬದಲಾಗುವುದು ಅಷ್ಟೇ.

ಮಾರಿದ ಷೇರು, ಕೊಂಡ ಷೇರು ಯಾವಾಗಲೂ ಸಮ. ಬೆಲೆಯನ್ನು ಸರಿಸುವುದು ಕೊಳ್ಳುವವರ ಅಥವಾ ಮಾರುವವರ ಅವಸರ. ಆರ್ಡರ್ ಬುಕ್, ಅಂದರೆ ಯಾವ ಬೆಲೆಗೆ ಎಷ್ಟು ಷೇರು ಕೊಳ್ಳಲು, ಮಾರಲು ಜನ ಕಾಯುತ್ತಿದ್ದಾರೆ ಅನ್ನುವ ಪಟ್ಟಿ ನೋಡಿದರೆ ಇದು ಬೇಗ ಅರ್ಥವಾಗುತ್ತದೆ. ಒಂದು ಕಂಪನಿಯದು ಒಟ್ಟು 1 ಕೋಟಿ ಷೇರು, ಕೊನೆಯ ವ್ಯವಹಾರ 100 ರೂಪಾಯಿಗೆ ಆಗಿದೆ ಅಂದುಕೊಳ್ಳಿ. ಈಗ 100ಕ್ಕೆ ಮಾರಲು 200 ಷೇರು ಇವೆ, 101ಕ್ಕೆ 300, ಅದರ ಮೇಲೆ 104ಕ್ಕೆ 500. ಒಬ್ಬರು ಬಂದು 600 ಷೇರಿಗೆ ಮಾರ್ಕೆಟ್ ಆರ್ಡರ್ (ಸಿಕ್ಕ ಬೆಲೆಗೆ ಈಗಲೇ ಕೊಳ್ಳುವ ಆರ್ಡರ್) ಹಾಕುತ್ತಾರೆ. ಮೊದಲ ಎರಡು ಸಾಲು ಖಾಲಿ, ಉಳಿದ 100 ಷೇರು 104ಕ್ಕೆ. ಕೈ ಬದಲಾದ ಒಟ್ಟು ದುಡ್ಡು 60,700. ಆದರೆ ಕೊನೆಯ ಬೆಲೆ 104 ಆದ್ದರಿಂದ ಕಂಪನಿಯ ಮಾರುಕಟ್ಟೆ ಮೌಲ್ಯ (ಒಟ್ಟು ಷೇರು × ಕೊನೆಯ ಬೆಲೆ) 100 ಕೋಟಿಯಿಂದ 104 ಕೋಟಿಗೆ ಏರಿತು! ಆ 4 ಕೋಟಿಯನ್ನು ಯಾರೂ ತಂದು ಹಾಕಿಲ್ಲ. ಷೇರು ಬಿದ್ದಾಗ ‘ಕರಗಿತು’ ಅನ್ನುವ ಕೋಟಿಗಳೂ ಇಂಥವೇ.

ಬೀಳುವಾಗ ಇದೇ ಲೆಕ್ಕ ತಿರುಗುಮುರುಗು. ಮ್ಯೂಚುವಲ್ ಫಂಡ್‌ನಿಂದ ಜನ ದುಡ್ಡು ವಾಪಸ್ ಕೇಳಿದರೆ, ಇಷ್ಟ ಇರಲಿ ಬಿಡಲಿ, ಫಂಡ್ ಮಾರಲೇಬೇಕಾಗುತ್ತದೆ. ಎದುರಿಗೆ ಇರುವ ಕೊಳ್ಳುವವರಿಗೆ ಅವಸರವಿಲ್ಲ, ಕೆಳಗಿನ ಬೆಲೆಯಲ್ಲಿ ಕಾಯುತ್ತಿರುತ್ತಾರೆ. ‘ದುಡ್ಡು ಹೊರಗೆ ಹೋಯಿತು’ ಅನ್ನುವುದರ ನಿಜವಾದ ಅರ್ಥ ಇದು. ಕೆಲವೊಮ್ಮೆ ಅಷ್ಟೂ ಬೇಕಿಲ್ಲ. ರಾತ್ರಿ ಕೆಟ್ಟ ಸುದ್ದಿ ಬಂದರೆ ಕೊಳ್ಳುವವರೇ ಹಿಂದೆ ಸರಿಯುತ್ತಾರೆ, ಬೆಳಿಗ್ಗೆ ಷೇರು ಕೆಳಗೇ ತೆರೆಯುತ್ತದೆ.

ಪೂರೈಕೆ ಅಂದರೆ ಕಂಪನಿಯ ಎಲ್ಲ ಷೇರು ಅಲ್ಲ, ಮಾರಲು ಸಿಗುವಷ್ಟು ಮಾತ್ರ. ನನ್ನ ಪ್ರಕಾರ ಇದಕ್ಕೆ 2008ರ ಫೋಕ್ಸ್‌ವ್ಯಾಗನ್‌ಗಿಂತ ಒಳ್ಳೆಯ ಪಾಠ ಬೇರೆ ಇಲ್ಲ. ಆ ಅಕ್ಟೋಬರ್‌ನಲ್ಲಿ ಪೋರ್ಷೆ ಕಂಪನಿ ತನ್ನ ಬಳಿ ಫೋಕ್ಸ್‌ವ್ಯಾಗನ್‌ನ ಶೇ 42.6 ಷೇರು, ಜೊತೆಗೆ ಶೇ 31.5ಕ್ಕೆ ಆಪ್ಷನ್ (ಮೊದಲೇ ಗೊತ್ತು ಮಾಡಿದ ಬೆಲೆಯ ಹಕ್ಕಿನ ಒಪ್ಪಂದ) ಇದೆ ಎಂದು ಹೇಳಿತು. ಜರ್ಮನಿಯ ಲೋವರ್ ಸ್ಯಾಕ್ಸನಿ ರಾಜ್ಯದ ಬಳಿ ಇನ್ನೂ ಸುಮಾರು ಶೇ 20. ಮಾರುಕಟ್ಟೆಗೆ ಉಳಿದದ್ದು ಶೇ 6ರಷ್ಟು. ಶಾರ್ಟ್ ಮಾಡಿದವರು (ಬೆಲೆ ಬೀಳುತ್ತದೆಂದು ಸಾಲ ತಂದ ಷೇರು ಮಾರಿದವರು) ವಾಪಸ್ ಕೊಳ್ಳಬೇಕಾಗಿದ್ದದ್ದು ಅದಕ್ಕಿಂತ ಜಾಸ್ತಿ. ಬೆಲೆ ಎರಡೇ ದಿನದಲ್ಲಿ 1,000 ಯೂರೊ ದಾಟಿತು, ಫೋಕ್ಸ್‌ವ್ಯಾಗನ್ ಸ್ವಲ್ಪ ಹೊತ್ತು ಜಗತ್ತಿನ ಅತಿ ದುಬಾರಿ ಕಂಪನಿಯಾಯಿತು. ಇದಕ್ಕೆ ಕಾರಣ ಕಾರು ಮಾರಾಟ ಅಲ್ಲ. ಶೇ 5ರವರೆಗೆ ಬಿಟ್ಟುಕೊಡಬಹುದು ಎಂದು ಪೋರ್ಷೆ ಹೇಳಿದ್ದೇ ತಡ, ಬೆಲೆ ಹತ್ತಿರ ಹತ್ತಿರ ಅರ್ಧಕ್ಕೆ ಕುಸಿಯಿತು.

ಹಾಗಂತ ಕಂಪನಿಯ ಲಾಭಕ್ಕೆ ಮಹತ್ವವೇ ಇಲ್ಲ ಅಂತಲ್ಲ. ವರ್ಷಗಟ್ಟಲೆ ನೋಡಿದರೆ ಜನ ಎಷ್ಟು ಕೊಡಲು ಒಪ್ಪುತ್ತಾರೆ ಅನ್ನುವುದನ್ನು ಲಾಭವೇ ತೀರ್ಮಾನಿಸುತ್ತದೆ. ಈ ವಾರ, ಈ ತಿಂಗಳ ಏರಿಳಿತಕ್ಕೆ ಮಾತ್ರ ಅವಸರವೇ ಮುಖ್ಯ ಕಾರಣ.

ನೀವು ಕೊಳ್ಳಬೇಕು ಅಂದಿರುವುದು ಸಣ್ಣ ಕಂಪನಿ, ವಾಲ್ಯೂಮ್ (ದಿನಕ್ಕೆ ಕೈ ಬದಲಾಗುವ ಷೇರು) ಕಡಿಮೆ. ಮಾರ್ಕೆಟ್ ಆರ್ಡರ್ ದಯವಿಟ್ಟು ಹಾಕಬೇಡಿ. ಮೊದಲು ಬುಕ್‌ನಲ್ಲಿ ಯಾವ ಬೆಲೆಗೆ ಎಷ್ಟು ಷೇರು ಇವೆ ನೋಡಿ, ಲಿಮಿಟ್ (ಇದಕ್ಕಿಂತ ಹೆಚ್ಚು ಕೊಡಲ್ಲ ಅನ್ನುವ ಬೆಲೆ) ಹಾಕಿ, ಸ್ವಲ್ಪ ಸ್ವಲ್ಪವೇ ಕೊಳ್ಳಿ. ಮಾರುವಾಗಲೂ ಅದೇ ಕ್ರಮ.